ನೀರು ಬಿಟ್ಟು ಎದ್ದ ಪಟ್ಟಿ

ಸಂಗೂ, ನೀಲಾ,

ನಿಮ್ಮ ಆಯಿ ವಿಮಾನ ಹತ್ತಿ ಹಾಲೆಂಡಿಗೆ ಹೋಗಿ ಬಂದಿದ್ದಾಳೆ ಎಂದು ನೀವು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೀರಂತೆ. ಅಲ್ಲಿ ಏನು ನೋಡಿದಳು ಎಂದು ಕೇಳಿದವರಿಗೆ ಗಾಳಿಗಿರಣಿ, ಹೂವಿನ ತೋಟ ಎಂದು ಪುಸ್ತಕದಲ್ಲಿದ್ದದ್ದನ್ನೇ ಹೇಳಿದಿರಂತೆ. ಗಾಳಿಗಿರಣಿಯನ್ನು ನಾನು ರೈಲಿನ ಕಿಟಕಿಯಿಂದ ನೋಡಿದ್ದು ಒಂದೇ ಒಂದು, ಅದೂ ತಿರುಗುತ್ತಿರಲಿಲ್ಲ. ನಾನು ನೋಡಿದ್ದು ಬೇರೆ. ಅದನ್ನು ಬಾಯಿಂದ ಹೇಳಹೋದರೆ ಸಿಟ್ಟು ನೆತ್ತಿಗೇರಿ ಮಾತು ಹಿಂದುಮುಂದಾಗುತ್ತದೆ. ನಾಲ್ಕು ಮಂದಿ ಕೂತಲ್ಲಿ ನನಗೆ ಮೊದಲೇ ಬಾಯಿ ಬರುವುದಿಲ್ಲ. ರಾಯಿಕೋಡಿನಲ್ಲಿ ಮಠದ ಶಾಲೆಗೆ ಹೋಗಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಕನ್ನಡವಿದೆ. ಅದರಲ್ಲಿ ಬರೆಯುತ್ತೇನೆ.

ತಾಂಡೂರು ಸ್ಟೇಷನ್ನು

ನಿಮ್ಮ ಅವ್ವ, ಅಂದರೆ ನನ್ನ ಮಗಳು ಮಹಾದೇವಿ, ಆಗ ಕಡಲ ದಂಡೆಯ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನಕ್ಷೆಯ ವಿಭಾಗದಲ್ಲಿದ್ದಳು. ಬೇರೆಯವರು ಬರೆದ ನಕ್ಷೆಯ ಮೇಲೆ ತೆಳು ಕಾಗದ ಹಾಸಿ ಗೆರೆ ಎಳೆಯುವುದು ಅವಳ ಕೆಲಸ. ಇಂಜಿನಿಯರಿಂಗ್ ಓದಿದವಳಿಗೆ ಇದೇನು ಕೆಲಸ ಎಂದು ನನಗೆ ಆಗಲೇ ಸಿಟ್ಟಿತ್ತು. ಒಂದು ದಿನ ಆ ಕಾರ್ಖಾನೆಯವರಿಗೆ ಹಾಲೆಂಡಿನ ಒಂದು ಸಂಸ್ಥೆಯಿಂದ ಕರೆ ಬಂತು. ಹಡಗಿನ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಾಡುವುದನ್ನು ಕಲಿಯಲು ಒಬ್ಬರನ್ನು ಕಳಿಸಿ ಎಂದು. ಗಂಡಸರು ಯಾರೂ ಚಳಿಗಾಲದಲ್ಲಿ ಹೋಗಲು ಒಪ್ಪಲಿಲ್ಲ. ಮಹಾದೇವಿ ಒಪ್ಪಿದಳು. ಅಲ್ಲಿಂದ ಸರ್ಟಿಫಿಕೇಟು ತಂದರೆ ಕಂಪ್ಯೂಟರ್ ವಿಭಾಗದಲ್ಲಿ ಜಾಗ, ತರದಿದ್ದರೆ ಮತ್ತೆ ತೆಳು ಕಾಗದ. ಹೀಗೆಂದು ಅವಳ ಆಫೀಸಿನವರು ಮೊದಲೇ ಹೇಳಿ ಕಳಿಸಿದರು.

ನೀಲಾ, ನೀನು ಆಗ ಅಂಬೆಗಾಲಿಡುತ್ತಿದ್ದೆ, ಎದೆಹಾಲು ಬಿಟ್ಟಿರಲಿಲ್ಲ. ನಿನ್ನನ್ನು ನೋಡಿಕೊಳ್ಳಲು ನಾನು ಹೊರಟೆ. ಸಂಗೂ ಅಪ್ಪನ ಹತ್ತಿರ ಉಳಿದ.

ಹೊರಡುವ ಮೊದಲೇ ಜಗಳ. ಪಾಸ್‌ಪೋರ್ಟಿನ ಕಾಗದಕ್ಕೆ ನಾನು ಕನ್ನಡದಲ್ಲಿ ಸಹಿ ಮಾಡಿದ್ದನ್ನು ನೋಡಿ ಗುಮಾಸ್ತನೊಬ್ಬ, ಆಂಧ್ರದವಳಾಗಿ ಇದೆಂಥ ಸಹಿ, ತೆಲುಗು ಬಾರದಿದ್ದರೆ ಹೆಬ್ಬೆಟ್ಟು ಒತ್ತಮ್ಮ ಎಂದ. ನಮ್ಮ ತಾಲೂಕನ್ನು ಬೀದರ್ ಜಿಲ್ಲೆಯಿಂದ ಕಿತ್ತು ಆಂಧ್ರದ ಮೆದಕ್ ಜಿಲ್ಲೆಗೆ ಸೇರಿಸಿದ್ದು ನನ್ನನ್ನು ಕೇಳಿ ಅಲ್ಲ. ನಾನು ಇದ್ದಲ್ಲೇ ಇದ್ದೆ. ಅಕ್ಷರ ಬಲ್ಲವಳು ಹೆಬ್ಬೆಟ್ಟು ಏಕೆ ಒತ್ತಬೇಕು? ಬಾಯಿ ಬಿಡಲಾಗದೆ ಅದೇ ಸಹಿಯನ್ನು ಅದರ ಕೆಳಗೆ ಇನ್ನೊಮ್ಮೆ, ಇನ್ನೂ ದೊಡ್ಡದಾಗಿ ಮಾಡಿದೆ. ಅವನು ಕಾಗದಕ್ಕೆ ಮುದ್ರೆ ಒತ್ತಿದ.

ತಾಂಡೂರಿನಲ್ಲಿ ಬೊಂಬಾಯಿ ರೈಲಿಗೆ ಕಾಯುತ್ತ ಕೂತಾಗ, ಏನು ಕಲಿಯಲು ಹೊರಟಿದ್ದೀ ಎಂದು ಮಹಾದೇವಿಯನ್ನು ಕೇಳಿದೆ. ಅವಳು ನಿನ್ನನ್ನು ಮೊಣಕಾಲ ಮೇಲೆ ತೂಗುತ್ತ ಹೇಳಿದಳು:

"ತೊಟ್ಟಿಲಾ ಒಮ್ಮಿ ತೂಗಿ ಬಿಟ್ರ ತಾನ ನಿಲ್ತದಲ್ಲ ಅವ್ವಾ, ಹಡಗ ಸೈತ ಹಂಗ. ತೆರಿ ಬಡದ್ರ ಹೊರಳ್ತದ, ಆಮ್ಯಾಲ ನಿಲ್ಲಬೇಕು. ನಿಲ್ಲಸೂದು ನೀರು. ಆ ನೀರು ಹಡಗಿನ ಸುತ್ತ ಹ್ಯಾಂಗ ಹರೀತದ, ಎಲ್ಲಿ ಸುಳಿ ತಿರಗ್ತದ, ಹೊರಳೂದನ್ನ ಎಷ್ಟು ತಡೀತದ, ಎಲ್ಲಾ ಕಂಪ್ಯೂಟರಿನಾಗ ಲೆಕ್ಕ ಹಾಕಿ ನೋಡೂದು."

"ಹಡಗ ನೀರಿಗಿ ಇಳಸೂಕಿಂತ ಮೊದಲ?"

"ಹೂಂ. ಹಡಗೂ ಇರೂದಿಲ್ಲ, ನೀರೂ ಇರೂದಿಲ್ಲ. ಬರೇ ಲೆಕ್ಕದಾಗ ಹೊರಳ್ತದ."

"ಲೆಕ್ಕದಾಗ ಮುಳುಗಿದ್ರ ಛಲೋ ಬಿಡು. ಮಂದಿ ಸಾಯೂದಿಲ್ಲ," ಎಂದೆ. ಅವಳು ನಕ್ಕಳು.

ವಿಮಾನ ನಿಲ್ದಾಣದ ಮೇಜು

ಅಲ್ಲಿ ಇಳಿದ ಕೂಡಲೇ ಒಬ್ಬ ಅಧಿಕಾರಿ ನಮ್ಮ ಗಂಟುಗಳನ್ನು ಮೇಜಿನ ಮೇಲೆ ಬಿಚ್ಚಿಸಿದ. ಆಮೇಲೆ ನನ್ನ ಕೊರಳಿನ ಬೆಳ್ಳಿಯ ಕರಡಿಗೆಯ ಕಡೆ ಬೆರಳು ತೋರಿಸಿದ.

"ಒಳಗ ಏನದ ಅಂತ ಕೇಳಾಕತ್ಯಾರ ಅವ್ವಾ."

"ಲಿಂಗ ಅದ ಅಂತ ಹೇಳು."

"ತೆಗದು ಅವರ ಕೈಯಾಗ ಕೊಡಬೇಕಂತ."

"ಅವನ ಮುತ್ಯಾ ಬಂದ್ರೂ ಕೊಡೂದಿಲ್ಲ. ಇಲ್ಲಿಂದ ಇಲ್ಲಿಗೇ ತಿರಗಿ ಹೋಗ್ತೀನಿ ಅಂತ ಹೇಳು."

ನಮ್ಮ ಇಷ್ಟಲಿಂಗ ಇನ್ನೊಬ್ಬರ ಕೈಗೆ ಹೋಗುವಂಥದ್ದಲ್ಲ. ನನ್ನ ಗಂಡ, ನಿಮ್ಮ ಮುತ್ಯಾ, ತೀರಿಕೊಂಡ ದಿನ ಕೂಡ ನಾನು ಅದನ್ನು ಮೈಯಿಂದ ಅಗಲಿಸಿದವಳಲ್ಲ. ಹಿಂದಿನ ಸಾಲಿನಲ್ಲಿ ಮಂದಿ ಬೆಳೆಯಿತು, ನೀಲಾ, ನೀನು ಅಳತೊಡಗಿದೆ. ಕೊನೆಗೆ ನಾನೇ ಕರಡಿಗೆ ತೆರೆದು ನನ್ನ ಎಡಗೈ ಮೇಲೆ ಇಟ್ಟುಕೊಂಡು ಹಿಡಿದೆ. ಅವನು ಬಾಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದ. ಅಷ್ಟು ಮರ್ಯಾದೆ ಅವನಿಗಿತ್ತು, ಅದನ್ನೂ ಬರೆಯಬೇಕು. ಆದರೆ ಆ ಮರ್ಯಾದೆಯನ್ನು ನಾವು ಕಟ್ಟಿಕೊಂಡು ಬಂದಿದ್ದ ಜೋಳದ ಹಿಟ್ಟಿಗೆ ತೋರಿಸಲಿಲ್ಲ. ಚೀಲದೊಳಗೆ ಮೊಣಕೈತನಕ ಕೈ ಹಾಕಿ ಕಲಸಿ ನೋಡಿದ. ಆ ಹಿಟ್ಟನ್ನು ನಾನು ಹೇಗೆ ತಿನ್ನಲಿ? ಅದರ ರೊಟ್ಟಿಯನ್ನೆಲ್ಲ ಮಹಾದೇವಿಯೇ ತಿಂದಳು.

ಕೋರಿಬಾಯಿಯ ಮನೆ

ನಾವು ಇಳಿದುಕೊಂಡದ್ದು ಒಂದು ಬಂದರದ ಊರಿನಲ್ಲಿ, ಕೋರಿ ಎಂಬಾಕೆಯ ಮನೆಯ ಮಾಳಿಗೆಯಲ್ಲಿ. ನಾನು ಅವಳನ್ನು ಕೋರಿಬಾಯಿ ಎಂದೆ, ಅವಳೂ ಒಪ್ಪಿಕೊಂಡಳು. ನನ್ನದೇ ವಯಸ್ಸು, ನನ್ನ ಹಾಗೆ ಗಂಡ ಸತ್ತವಳು. ಕೆಂಪು ಅಂಗಿ, ಕೆಂಪು ತುಟಿ, ಸೈಕಲ್ಲಿನ ಮೇಲೆ ಪೇಟೆಗೆ. ಮೊದಲ ದಿನ ನನಗೆ ನೋಡಲು ಸಂಕೋಚವಾಯಿತು. ನಾಲ್ಕು ದಿನಕ್ಕೆ ಸಂಕೋಚ ಹೋಗಿ, ನಮ್ಮ ಕಡೆ ಈ ಕೆಂಪನ್ನು ಕಿತ್ತುಕೊಂಡವರು ಯಾರು ಎಂದು ಸಿಟ್ಟು ಬಂತು.

ಅವರ ಕಿಟಕಿಗಳು ಬಾಗಿಲಿನಷ್ಟು ದೊಡ್ಡವು, ಪರದೆ ಇಲ್ಲ. ದಾರಿಯಲ್ಲಿ ಹೋಗುವವರು ಒಳಗೆ ಯಾರು ಉಣ್ಣುತ್ತಾರೆ, ಯಾರು ಕೂತಿದ್ದಾರೆ ಎಂದು ನೋಡುತ್ತ ಹೋಗುತ್ತಾರೆ. ನಾನು ಲಿಂಗಪೂಜೆಗೆ ಕೂರುವುದು ಹೇಗೆ? ನನ್ನ ಇಳಕಲ್ ಸೀರೆಯನ್ನು ಕಿಟಕಿಗೆ ಕಟ್ಟಿದೆ. ಕೋರಿಬಾಯಿ ಬಂದು ಬಿಚ್ಚಿದಳು. ಮತ್ತೆ ಕಟ್ಟಿದೆ. ಮತ್ತೆ ಬಿಚ್ಚಿದಳು. ಮುಚ್ಚಿದ ಕಿಟಕಿ ನೋಡಿದರೆ ಓಣಿಯವರು ಒಳಗೆ ಏನೋ ಕೆಟ್ಟದ್ದು ನಡೆದಿದೆ ಎನ್ನುತ್ತಾರಂತೆ. ಕೊನೆಗೆ ಬಟ್ಟೆ ಇಡುವ ಕಪಾಟಿನ ಬಾಗಿಲು ತೆರೆದು, ಅದರ ಮರೆಯಲ್ಲಿ ಕೂತು ಪೂಜೆ ಮಾಡಿಕೊಂಡೆ. ದೇವರಿಗೆ ಅಲ್ಲಿ ಡಾಂಬರು ಗುಳಿಗೆಯ ವಾಸನೆಯೇ ಧೂಪ.

ಇನ್ನು ಅವರ ಬಿಸ್ಕೀಟು. ಕಾಫಿಯ ಜೊತೆಗೆ ಡಬ್ಬಿ ತೆರೆದು ಮುಂದೆ ಹಿಡಿಯುತ್ತಾರೆ, ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಹಾಕುತ್ತಾರೆ. ಜಹೀರಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಕೂಡ ಪಕ್ಕದವರಿಗೆ ಸೇಂಗಾ ಕೊಡುವಾಗ ಮುಷ್ಟಿ ತುಂಬಿ ಕೊಡುತ್ತಾರೆ.

ಇವೆಲ್ಲ ಸಣ್ಣ ಸಿಟ್ಟು. ದೊಡ್ಡದು ಶುರುವಾದದ್ದು ಒಂದು ಸಂಜೆ. ಮಹಾದೇವಿ ಅಂಚಿಗೆಲ್ಲ ತೂತಿದ್ದ ಕಂಪ್ಯೂಟರಿನ ಉದ್ದನೆಯ ಕಾಗದಗಳನ್ನು ನೆಲದ ತುಂಬ ಹಾಸಿಕೊಂಡು ಕೂತಿದ್ದಳು, ಉಣ್ಣಲು ಕರೆದರೆ ಏಳಲಿಲ್ಲ.

ವಿಷಯ ಇಷ್ಟು. ಆ ಬಂದರದಿಂದ ಒಂದು ದ್ವೀಪಕ್ಕೆ ಮಂದಿಯನ್ನು ಒಯ್ಯುವ ಹಡಗು ಓಡಾಡುತ್ತದೆ. ಅದರ ಹೊಟ್ಟೆಯ ಎರಡೂ ಬದಿಗೆ, ನೀರಿನ ಕೆಳಗೆ, ಉದ್ದಕ್ಕೆ ಕಬ್ಬಿಣದ ಪಟ್ಟಿ ಬೆಸೆದಿದ್ದಾರೆ. ಹಡಗು ಹೊರಳುವಾಗ ಆ ಪಟ್ಟಿ ನೀರನ್ನು ದೂಡುತ್ತದೆ, ನೀರು ಸುಳಿಯಾಗಿ ಅದನ್ನು ತಡೆಯುತ್ತದೆ, ಹೊರಳಾಟ ನಿಲ್ಲುತ್ತದೆ. ದ್ವೀಪದ ಬಂದರದಲ್ಲಿ ಹೂಳು ತುಂಬಿ ಪಟ್ಟಿ ತಳಕ್ಕೆ ಉಜ್ಜುತ್ತಿತ್ತು. ಹಡಗಿನ ಮಾಲಕರು ಅದನ್ನು ಕಿತ್ತು ಮೇಲಕ್ಕೆ ಸರಿಸಿ ಹಚ್ಚಬೇಕೆಂದಿದ್ದರು. ಹಚ್ಚಬಹುದೇ ಎಂದು ಸಂಸ್ಥೆಯನ್ನು ಕೇಳಿದ್ದರು. ಹಚ್ಚಬಹುದು, ಹಡಗು ಮೊದಲಿನಷ್ಟೇ ಭದ್ರ ಎಂದು ಕಂಪ್ಯೂಟರು ಹೇಳಿತ್ತು. ಅದರ ಚಿತ್ರ ಬರೆಯುವ ಕೆಲಸ ಮಾತ್ರ ಮಹಾದೇವಿಯದು.

"ಇಲ್ಲಿ ನೋಡವ್ವಾ," ಎಂದು ಅವಳು ಚಿತ್ರ ತೋರಿಸಿದಳು. "ಹಡಗ ಇಷ್ಟು ವಾಲಿದ್ರ ಈ ಕಡೀ ಪಟ್ಟಿ ನೀರು ಬಿಟ್ಟು ಮ್ಯಾಲ ಏಳ್ತದ. ಗಾಳ್ಯಾಗ ನಿಂತ ಪಟ್ಟಿ ಏನ್ ತಡೀತದ? ಆದ್ರ ಲೆಕ್ಕದಾಗ ಅದು ನೀರಾಗೇ ಅದ."

"ಹಂಗ್ಯಾಕ?"

"ಮೊದಲ ಆಳದ ಹಡಗಗಳ ಸಲುವಾಗಿ ಬರದ ಲೆಕ್ಕ ಇದು. ಅವುಗಳ ಪಟ್ಟಿ ಹೊರಗ ಬರೂದ ಇಲ್ಲ. ಇದು ಚಪ್ಪಟ ಹೊಟ್ಟೀದು. ಅದನ್ನ ಯಾರೂ ನೋಡೇ ಇಲ್ಲ."

"ಹಿರ್ಯಾರಿಗಿ ಹೇಳಿದೇನು?"

"ಹೇಳ್ದೆ. ಈ ಹಡಗ ಅಷ್ಟು ವಾಲೂದ ಇಲ್ಲ ಅಂದ್ರು."

"ಅವರಿಗಿ ಹ್ಯಾಂಗ ಗೊತ್ತು?"

"ಲೆಕ್ಕ ಹೇಳ್ತದಂತ."

"ಯಾವ ಲೆಕ್ಕ?"

"ಅದ ಲೆಕ್ಕ."

ಕಳ್ಳನನ್ನೇ ಸಾಕ್ಷಿಗೆ ಕರೆದ ಹಾಗಾಯಿತಲ್ಲ. ಇಲ್ಲದ ತಡೆಯನ್ನು ಇದೆ ಎಂದು ಹಾಕಿಕೊಂಡರೆ ಲೆಕ್ಕದಲ್ಲಿ ಹಡಗು ಏಕೆ ವಾಲೀತು? ಆ ಲೆಕ್ಕವನ್ನು ಹರೆಯದಲ್ಲಿ ಬರೆದವನು ಅವಳ ಮಾತನ್ನು ತಳ್ಳಿಹಾಕಿದ ಸಂಸ್ಥೆಯ ಹಿರಿಯ ಸಾಹೇಬನೇ ಎಂದು ಆಮೇಲೆ ತಿಳಿಯಿತು.

ದ್ವೀಪದ ಹಡಗು

ಕೋರಿಬಾಯಿಯ ತಂಗಿ ದ್ವೀಪದಲ್ಲಿರುತ್ತಾಳೆ. ಒಂದು ಭಾನುವಾರ ನಮ್ಮನ್ನೂ ಕರೆದುಕೊಂಡು ಹೋದಳು. ಬಂದರ ದಾಟುವವರೆಗೆ ಹಡಗು ಬಂಡಿಯ ಹಾಗೆ ಹೋಯಿತು. ಆಚೆ ಗಾಳಿ ಹಿಡಿಯಿತು. ನೆಲ ಒಂದು ಬದಿಗೆ ಏರಿ ಇನ್ನೊಂದು ಬದಿಗೆ ಇಳಿಯತೊಡಗಿತು. ಅಲ್ಲಿಯ ಮಂದಿ ಮಾತು ನಿಲ್ಲಿಸದೆ ಕಾಫಿಯ ಬಟ್ಟಲನ್ನು ಕೈಯಲ್ಲಿ ಎತ್ತಿ ಹಿಡಿದು, ಹಡಗು ನೆಟ್ಟಗಾದ ಮೇಲೆ ಕೆಳಗಿಡುತ್ತಿದ್ದರು. ಕೋರಿಬಾಯಿ ಉಣ್ಣೆ ಹೆಣೆಯುತ್ತಿದ್ದಳು. ಮಕ್ಕಳು ನೆಲ ಇಳಿಜಾರಾದಾಗಲೆಲ್ಲ ಓಡಿ ಗೋಡೆಗೆ ಬಡಿದು ನಗುತ್ತಿದ್ದವು. ನಾನು ಒಂದು ಕೈಯಲ್ಲಿ ನಿನ್ನನ್ನು, ಒಂದು ಕೈಯಲ್ಲಿ ಕರಡಿಗೆಯನ್ನು ಹಿಡಿದು ಕೂತಿದ್ದೆ. 

"ನೀ ಹೇಳಿದ ಹಡಗ ಇದ ಏನು?" ಎಂದು ಮಹಾದೇವಿಯನ್ನು ಕೇಳಿದೆ.

"ಇದ."

"ಮತ್ತ ಕೂಸಿನ ತಗೊಂಡು ಯಾಕ ಹತ್ತಿಸಿದಿ?"

"ಈಗಿನ್ನಾ ಪಟ್ಟಿ ಕೆಳಗ ಅದ ಅವ್ವಾ. ಮುಂದಿನ ತಿಂಗಳು ಮಾಲಕರು ಹೂಂ ಅಂದ್ರ ಮ್ಯಾಲ ಹೋಗ್ತದ."

ನಾನು ಆ ಮಕ್ಕಳನ್ನು ನೋಡಿದೆ. ಆಗ ನನಗೆ ಬಂದದ್ದು ಭಯವಲ್ಲ. ಇವರ ಕಪಾಟು, ಗಡಿಯಾರ, ಸೈಕಲ್ಲು ಎಲ್ಲವೂ ನೆಟ್ಟಗೆ. ಬಿಸ್ಕೀಟು ಕೂಡ ಎಣಿಕೆಯದು. ಇಷ್ಟು ಮಂದಿಯ ಜೀವದ ವಿಷಯದಲ್ಲಿ ಮಾತ್ರ ಒಬ್ಬನ ಹಳೆಯ ಲೆಕ್ಕವನ್ನು ತೆಗೆದು ನೋಡಲು ಇವರಿಗೆ ನಾಚಿಕೆಯೇ?

ಹೂವು ಹಿಡಿದು ಬಂದ ಸಾಹೇಬ

ಪಟ್ಟಿ ಸರಿಸುವುದೋ ಬೇಡವೋ ಎಂದು ತೀರ್ಮಾನಿಸುವ ಮಾಲಕರ ಸಭೆಗೆ ಇನ್ನೂ ಕೆಲವು ದಿನಗಳಿರುವಾಗ ಹಿರಿಯ ಸಾಹೇಬ ನಮ್ಮ ಮನೆಗೇ ಬಂದ. ಕೈಯಲ್ಲಿ ಹೂವು. ಹೂವನ್ನು ಮಹಾದೇವಿಗೆ ಕೊಡಲಿಲ್ಲ, ನನಗೆ ಕೊಟ್ಟ. ನಾನು ಸೆರಗು ಎಳೆದುಕೊಂಡು ಕಪಾಟಿನ ಹತ್ತಿರ ನಿಂತೆ. ಸಿಟ್ಟಿದ್ದರೂ ಮನೆಗೆ ಬಂದವನು, ತಾಟು ತುಂಬ ಉಪ್ಪಿಟ್ಟು ಹಾಕಿ ಮುಂದಿಟ್ಟೆ. ಅವನು ಅದರಲ್ಲಿ ಒಂದೇ ಚಮಚ ತಿಂದು ನನ್ನ ಕಡೆ ನೋಡುತ್ತ ಮಾತಾಡತೊಡಗಿದ. ಮಹಾದೇವಿ ನೆಲ ನೋಡುತ್ತ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ನಮ್ಮ ದೇಶದಾಗ ಮಕ್ಕಳು ತಾಯಿ ಮಾತು ಮೀರೂದಿಲ್ಲ ಅಂತ ಓದ್ಯಾರಂತವ್ವಾ. ಅದಕ್ಕ ನಿನ್ನ ಬಲ್ಲಿ ಬಂದಾರ."

"ಮುಂದ?"

"ನಿಮ್ಮ ಮಗಳು ಭಾಳ ಶಾಣ್ಯಾಳು. ಆದ್ರ ಕಲಿಯಾಕ ಬಂದಾಕಿ. ಮಾಲಕರ ಮುಂದ ಪಟ್ಟಿ ಮಾತು ತೆಗೀಬಾರದು. ಸುಮ್ಮ ಕುಂತ್ರ ಸರ್ಟಿಫಿಕೇಟ್ ಕೊಟ್ಟು ಖುಷೀಲೆ ಕಳಸ್ತೀವಿ ಅಂತಾರ."

"ತೆಗೆದ್ರ?"

"ತೆಗೆದ್ರ, ಈಕಿಗಿ ಕಲಿಯೂ ಮನಸ್ಸಿಲ್ಲ ಅಂತ ನಮ್ಮ ಆಫೀಸಿಗಿ ಬರೀತಾರಂತ."

ಯಾರನ್ನು ಬೆದರಿಸುತ್ತಾನೋ ಅವಳ ಬಾಯಿಂದಲೇ ಆ ಬೆದರಿಕೆಯನ್ನು ಅವಳ ತಾಯಿಗೆ ಹೇಳಿಸುವವನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಮ್ಮ ಕಡೆಯ ಜಮೀನ್ದಾರ ದೇಶಮುಖರು ಕೂಡ ಇಂಥ ಮಾತಿಗೆ ನಡುವೆ ಒಬ್ಬ ಆಳನ್ನಾದರೂ ಕಳಿಸುತ್ತಿದ್ದರು. ನಾನು ಗೋಡೆಯ ಕಡೆ ಮುಖ ಮಾಡಿ, ಒಂದೇ ಉಸಿರಿನಲ್ಲಿ, ಅವನ ವಿದ್ಯೆ, ಅವನ ಹೂವು, ಅವನ ವಂಶ ಎಲ್ಲವನ್ನೂ ಹಿಡಿದು ಹೇಳಿದೆ. ಮಹಾದೇವಿ ಇಂಗ್ಲಿಷಿನಲ್ಲಿ ಎರಡೇ ಮಾತು ಹೇಳಿದಳು. ಅವನು ನಕ್ಕು ತಲೆಯಾಡಿಸಿದ.

"ನಾ ಹೇಳಿದ್ದು ಮಾರುದ್ದ, ನೀ ಹೇಳಿದ್ದು ಗೇಣುದ್ದ," ಎಂದೆ.

"ಎಲ್ಲಾ ಹೇಳಿದ್ರ ನಾಳಿಗೇ ವಿಮಾನ ಹತ್ತಬೇಕಾಗ್ತದವ್ವಾ."

"ಆತು. ನಿನಗ ಒಂದ ಕೇಳ್ತೀನಿ. ನಿನ್ನ ಮಾತು ಖರೇ ಅದನೋ ಇಲ್ಲೋ?"

"ಖರೇ ಅದ."

"ಹಂಗಾದ್ರ ಇವರಿಗಿ ಇಷ್ಟ ಹೇಳು. ಸುಮ್ಮ ಕುಂಡ್ರು ಅಂತ ನಾ ನನ್ನ ಮಗಳಿಗಿ ಹೇಳೂದಿಲ್ಲ. ಸಣ್ಣ ಹಡಗ ಮಾಡಿ ತೇಲಿಸಿ ನೋಡಾಕ ಅಷ್ಟು ದೊಡ್ಡ ಕೊಳ ಕಟ್ಟೀರಂತ, ಅದರಾಗ ಹಾಕಿ ನೋಡ್ರಿ. ನನ್ನ ಮಗಳು ಸೋತ್ರ ನಾವ ಗಂಟು ಕಟ್ಟಿಕೊಂಡು ಹೋಗ್ತೀವಿ."

ಇದನ್ನು ಅವಳು ತೂಕ ಕಡಿಮೆ ಮಾಡದೆ ಹೇಳಿದಳು. ಅದು ಅವನ ಮುಖದಲ್ಲೇ ಗೊತ್ತಾಯಿತು. ಅವನು ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡ. ತನ್ನ ಲೆಕ್ಕದ ಮೇಲೆ ಅವನಿಗೆ ಅಷ್ಟು ಭರವಸೆ. ಆಗಲಿ, ಮಾಲಕರ ಎದುರೇ ಹಾಕಿ ನೋಡೋಣ, ತಾಯಿಯವರೂ ಬರಲಿ ಎಂದು ಹೇಳಿ ಹೋದ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಕೋರಿಬಾಯಿ ಒಳಗೆ ಬಂದಳು. ಅವನು ಬಿಟ್ಟ ಉಪ್ಪಿಟ್ಟನ್ನು ಕೂತು ಪೂರ್ತಿ ತಿಂದಳು. ಆಮೇಲೆ ಅವನ ಹೂವನ್ನು ತಾನೇ ತೆಗೆದುಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿದಳು.

ಕೊಳದ ಮನೆ

ಆ ಕೊಳ ಸೂರಿನ ಕೆಳಗಿದೆ. ಜಹೀರಾಬಾದಿನ ಪೇಟೆಬೀದಿಯ ಈ ತುದಿಯಿಂದ ಆ ತುದಿಯಷ್ಟು ಉದ್ದ. ಅಷ್ಟು ತಿಳಿನೀರನ್ನು ಒಂದೇ ಕಡೆ ನಾನು ಎಂದೂ ನೋಡಿರಲಿಲ್ಲ. ಯಾರೂ ಕುಡಿಯುವುದಿಲ್ಲ, ಯಾರೂ ಮೀಯುವುದಿಲ್ಲ. ಆಟಿಕೆಯಂಥ ಹಡಗು ತೇಲಿಬಿಡಲು ಇಟ್ಟಿದ್ದಾರೆ. ಬೇಸಿಗೆಯಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಒಂದು ಕೊಡಕ್ಕಾಗಿ ಮುಂಜಾನೆಯೆಲ್ಲ ಸಾಲು ನಿಲ್ಲುವುದು ನೆನಪಾಗಿ ಹೊಟ್ಟೆ ಉರಿಯಿತು.

ಕಟ್ಟಿಗೆಯ ಹಡಗು ಆಳುದ್ದ ಇತ್ತು, ಹಳದಿ ಬಣ್ಣ. ಪಟ್ಟಿಯನ್ನು ಮಾಲಕರಿಗೆ ಬೇಕಾದಂತೆ ಮೇಲಕ್ಕೆ ಹಚ್ಚಿದ್ದರು. ಸುತ್ತ ಕೋಟು ಹಾಕಿದ ಗಂಡಸರು. ಹೆಂಗಸರೆಂದರೆ ನಾವೇ, ನಿನ್ನನ್ನೂ ಸೇರಿಸಿ. ಕೊಳದ ತುದಿಯಲ್ಲಿ ಒಂದು ಯಂತ್ರ ನೀರನ್ನು ದೂಡಿ ತೆರೆ ಎಬ್ಬಿಸುತ್ತದೆ. ಮೊದಲು ಸಣ್ಣ ತೆರೆ. ಹಡಗು ಅತ್ತ ಇತ್ತ ಆಡಿ ಕಂಪ್ಯೂಟರು ಹೇಳಿದಂತೆಯೇ ನಿಂತಿತು. ಹಿರಿಯ ಸಾಹೇಬ ನನ್ನ ಕಡೆ ನೋಡಿ ನಕ್ಕ. ಮಹಾದೇವಿ ಪೆನ್ಸಿಲಿನಿಂದ ತನ್ನ ಚಿತ್ರದ ಮೇಲೆ ಗುರುತು ಹಾಕಿಕೊಂಡಳು.

ಆಮೇಲೆ ದೊಡ್ಡ ತೆರೆ. ಹಡಗು ವಾಲಿತು, ಎದ್ದಿತು, ಇನ್ನಷ್ಟು ವಾಲಿತು. ಆಗ ಈಚೆ ಬದಿಯ ಪಟ್ಟಿ ನೀರು ಬಿಟ್ಟು ಮೇಲೆದ್ದಿತು. ಉದ್ದಕ್ಕೂ ನೀರು ಸುರಿಸುತ್ತ, ದೀಪದ ಬೆಳಕಿಗೆ ಹೊಳೆಯುತ್ತ ಎಲ್ಲರ ಕಣ್ಣೆದುರಿಗೆ ನಿಂತಿತು. ಅದು ಎದ್ದಾಗೊಮ್ಮೆ ಹೊರಳಾಟ ಹೆಚ್ಚಿತು. ಕೊನೆಗೆ ಹಡಗಿನ ಅಂಚು ನೀರೊಳಗೆ ಹೋಯಿತು, ಮತ್ತೆ ಮೇಲೆ ಬರಲಿಲ್ಲ. ಬದಿಗೆ ಬಿದ್ದುಕೊಂಡೇ ತೇಲಿತು.

ಯಂತ್ರ ನಿಲ್ಲಿಸಿದರು. ಗೋಡೆಗೆ ನೀರು ಬಡಿಯುವ ಸಪ್ಪಳ ಮಾತ್ರ. ಮಾಲಕರಲ್ಲಿ ಬಿಳಿ ಗಡ್ಡದ ಒಬ್ಬ ಏನೋ ಕೇಳಿದ, ಹಿರಿಯ ಸಾಹೇಬ ಉತ್ತರ ಕೊಟ್ಟ. ಏನೆಂದ ಎಂದು ನಾನು ಮಹಾದೇವಿಯನ್ನು ಕೇಳಿದೆ.

"ಇದು ನಮಗ ಮೊದಲ ಗೊತ್ತಿತ್ತು, ನಿಮಗ ಕಣ್ಣಿಲೆ ತೋರಸ್ಬೇಕಂತ ಕರದೀವಿ ಅಂದ್ರು."

ಮಕ್ಕಳೇ, ಗಂಡಸರು ಕೂತ ಜಾಗದಲ್ಲಿ ನಾನು ಜೀವಮಾನದಲ್ಲಿ ಎಂದೂ ದನಿ ತೆಗೆದವಳಲ್ಲ. ಆ ದಿನ ನನ್ನ ಬಾಯಿಂದ "ಸುಳ್ಳು" ಎಂಬ ಮಾತು ಬಂತು. ಕೊಳದ ಮನೆಯಲ್ಲಿ ದನಿ ದೊಡ್ಡದಾಗಿ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ. ಎಲ್ಲರೂ ತಿರುಗಿದರು. ತಾಯಿ ಏನು ಹೇಳಿದರು ಎಂದು ಬಿಳಿ ಗಡ್ಡದವನು ಮಹಾದೇವಿಯನ್ನು ಕೇಳಿದ.

ಅವಳು ನನ್ನನ್ನು ನೋಡಿದಳು. ಏನಾದರೂ ಬೇರೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು; ಹೇಳಿದ್ದರೆ ನಾನು ಅವಳನ್ನು ದೂರುತ್ತಿರಲಿಲ್ಲ. ಸರ್ಟಿಫಿಕೇಟು ಆ ಸಾಹೇಬನ ಕೈಯಲ್ಲಿತ್ತು. ಆದರೆ ಅವಳು ಆ ಒಂದು ಮಾತನ್ನು ಇದ್ದ ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದಳು. ಹೇಳಿ ಅಷ್ಟಕ್ಕೆ ನಿಲ್ಲದೆ, ತನ್ನ ಚಿತ್ರಗಳನ್ನು ಕೊಳದ ಕಟ್ಟೆಯ ಮೇಲೆ ಹರವಿ, ಯಾವ ಕೋನದಲ್ಲಿ ಪಟ್ಟಿ ಏಳುತ್ತದೆ, ಲೆಕ್ಕ ಎಲ್ಲಿ ತಪ್ಪಿತು, ತಾನು ಎಂದು ಹೇಳಿದ್ದೆ, ಏನು ಉತ್ತರ ಬಂತು, ಎಲ್ಲವನ್ನೂ ವಿವರಿಸಿದಳು. ಬಿಳಿ ಗಡ್ಡದವನು ಮಂಡಿಯೂರಿ ಕೂತು ನೋಡಿದ. ಅವನ ಪ್ಯಾಂಟು ಒದ್ದೆಯಾಯಿತು.

ಮರಳುವ ಮೊದಲು

ಪಟ್ಟಿಯನ್ನು ಮೇಲೆ ಹಚ್ಚಲಿಲ್ಲ. ಬಂದರದ ಹೂಳನ್ನೇ ತೆಗೆಸಿದರೆಂದು ಕೋರಿಬಾಯಿ ಆಮೇಲೆ ಬರೆಸಿ ತಿಳಿಸಿದಳು. ಸಂಸ್ಥೆಯವರು ಲೆಕ್ಕವನ್ನು ತಿದ್ದಿದರು. ತಿದ್ದಿದ ಲೆಕ್ಕದ ಬಗ್ಗೆ ಅಚ್ಚಾದ ಪುಸ್ತಕದಲ್ಲಿ ತಪ್ಪನ್ನು ಸಂಸ್ಥೆ ಕಂಡುಕೊಂಡಿತು ಎಂದಿದೆಯೇ ಹೊರತು ಯಾರು ಎಂದಿಲ್ಲ.

ಸರ್ಟಿಫಿಕೇಟನ್ನು ಕೊಡಲೇಬೇಕಾಯಿತು, ಮಾಲಕರು ನೋಡಿದ್ದರಲ್ಲ. ಅದರಲ್ಲಿ ಬರೆದದ್ದನ್ನು ಮಹಾದೇವಿ ರೈಲಿನಲ್ಲಿ ನನಗೆ ಓದಿ ಹೇಳಿದಳು. ಈಕೆ ಶಾಂತ ಸ್ವಭಾವದವರು, ಇವರ ಚಿತ್ರಗಳು ಅಚ್ಚುಕಟ್ಟು, ಹಿರಿಯರ ಮಾರ್ಗದರ್ಶನವನ್ನು ವಿನಯದಿಂದ ಸ್ವೀಕರಿಸಿದ್ದಾರೆ. ಅಷ್ಟೇ. ಪಟ್ಟಿಯ ಬಗ್ಗೆ ಒಂದು ಅಕ್ಷರವಿಲ್ಲ.

"ಹರದು ಒಗಿ ಅದನ್ನ," ಎಂದೆ.

"ಒಗದ್ರ ತೆಳು ಕಾಗದಾನ ಗತಿ. ಪಟ್ಟಿ ಇದ್ದಲ್ಲೇ ಉಳೀತಲ್ಲವ್ವಾ, ಸಾಕು ಬಿಡು."

ಅವಳಿಗೆ ಸಾಕು. ನನಗೆ ಇಂದಿಗೂ ಸಾಕಾಗಿಲ್ಲ. ಆ ಕಾಗದಕ್ಕೆ ನಿಮ್ಮ ಅಪ್ಪ ಗಾಜು ಕಟ್ಟಿಸಿ ನಡುಮನೆಯಲ್ಲಿ ತೂಗುಹಾಕಿದ್ದಾನೆ. ಬಂದವರೆಲ್ಲ ಓದಿ, ಎಷ್ಟು ವಿನಯದ ಹೆಣ್ಣುಮಗಳು ಎನ್ನುತ್ತಾರೆ. ಸಂಗೂ, ಸುಣ್ಣ ಹಚ್ಚಲು ಅದನ್ನು ಇಳಿಸಿದಾಗ ಹಿಂದಿನ ಮೊಳೆ ಬಿಚ್ಚು. ನೀಲಾ, ಈ ಹಾಳೆಗಳನ್ನು ಮಡಚದೆ ಆ ಕಾಗದದ ಹಿಂದೆ ಇಟ್ಟು ಮತ್ತೆ ಮೊಳೆ ಹೊಡೆಸು. ನಿಮ್ಮ ಅವ್ವನಿಗೆ ಹೇಳಬೇಡಿ, ಅವಳು ತೆಗೆಸುತ್ತಾಳೆ. ಗೆದ್ದಲು ಹತ್ತದಂತೆ ವರ್ಷಕ್ಕೊಮ್ಮೆ ನೋಡಿರಿ.